ಬಾವಿಗೆ ಬೀಳದ ಪುಡಿ

ಉಗ್ರಾಣದ ಬೀಗ ತೆಗೆಸಿ ಒಳಗೆ ಹೋದ ಡಾಕ್ಟರ್ ಮರಿಬಸಪ್ಪ ಹೋದಷ್ಟೇ ಬೇಗ ಹೊರಗೆ ಬಂದ.

“ಅಕ್ಕಾರ, ಬ್ಲೀಚಿಂಗ್ ಪುಡಿ ಡಬ್ಬಿ ಎಲ್ಲೈತಿ?”

ಗಂಜಿ ಹಂಚುತ್ತಿದ್ದ ಗುರುಶಾಂತಮ್ಮನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಶಿಬಿರಕ್ಕೆಲ್ಲ ಇದ್ದದ್ದು ಅದೊಂದೇ ಡಬ್ಬಿ. ಬಳ್ಳಾರಿಯಿಂದ ಇನ್ನೊಂದು ಬರುವುದು ಯಾವಾಗಲೋ!

ಅದು 1948ರ ಬೇಸಿಗೆ. ನಿಜಾಮ ಸೀಮೆಯ ಗಲಾಟೆಗೆ ಹೆದರಿ ತುಂಗಭದ್ರೆ ದಾಟಿ ಬಂದ ಸಂಸಾರಗಳು ಆದೋನಿಯ ಹೊರಗೆ ಮುಚ್ಚಿಬಿದ್ದಿದ್ದ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿನಲ್ಲಿ ತಂಗಿದ್ದವು. ಜಿನ್ನು ಗುರುಶಾಂತಮ್ಮನ ತೀರಿಹೋದ ಗಂಡನದು. ಬಾಗಿಲು ತೆರೆಸಿದವಳೂ ಅವಳೇ, ವರ್ತಕರಿಂದ ಜೋಳ, ನೇಕಾರರಿಂದ ಸೀರೆ, ದೇವನಕೊಂಡದ ಕುರಿಗಾರರಿಂದ ಕಂಬಳಿ ಬೇಡಿ ತಂದವಳೂ ಅವಳೇ. ಅಷ್ಟೆಲ್ಲ ಸುಸೂತ್ರವಾಯಿತು ಅನ್ನುವಷ್ಟರಲ್ಲಿ ವಾಂತಿಭೇದಿ ಕಾಲಿಟ್ಟಿತು. ಮೊದಲು ಹೋದದ್ದು ಗಂಗಕ್ಕನ ಮೊಮ್ಮಗ. ಅಂದಿನಿಂದ ಡಾಕ್ಟರು ದಿನಾ ಸಂಜೆ ಬಾವಿಗೆ ಪುಡಿ ಹಾಕುತ್ತಿದ್ದ. ಹಿಂದಿನ ಸಂಜೆ ಮಾತ್ರ ಆ ಕೆಲಸವನ್ನು ಉಗ್ರಾಣ ನೋಡಿಕೊಳ್ಳುವವನಿಗೆ ಒಪ್ಪಿಸಿ ಪೆದ್ದಕಡುಬೂರಿನ ಶಿಬಿರಕ್ಕೆ ಹೋಗಿದ್ದ.

“ಬೀಗ ಒಡೆದಿಲ್ಲ. ಕೀಲಿ ಒಬ್ಬನ ಹತ್ರಾನ ಇರ್ತೈತಿ!” ಮರಿಬಸಪ್ಪ ಉಗ್ರಾಣದ ಚನ್ನಬಸಯ್ಯನ ಕಡೆ ತಿರುಗಿದ. “ಪ್ಯಾಟ್ಯಾಗ ಈ ಪುಡಿಗೆ ಎಷ್ಟು ಬೇಡಿಕಿ ಐತಿ ಗೊತ್ತಲ್ಲ? ಬಟ್ಟಿ ಬಿಳುಪು ಮಾಡೋರು ಕಣ್ಣಿಗೊತ್ತಿಕೊಂಡು ತಗೊಂತಾರ. ಯಾರಿಗೆ ಮಾರಿದಿ?”

ಚನ್ನಬಸಯ್ಯನ ಮುಖ ಬಿಳಿಚಿತು. “ಶಿವನಾಣಿ ಇಲ್ರೀ! ನಿನ್ನೆ ಮಧ್ಯಾಹ್ನ ಕಣ್ಣಾರೆ ನೋಡೀನಿ. ಜೋಳ ಹಂಚೂದ್ರಾಗ ಹೊತ್ತು ಮುಳುಗಿತು... ಪುಡಿ ಹಾಕೂದು ಮರ್ತೆ. ಅದೊಂದು ನನ್ನ ತಪ್ಪು.”

“ಮರ್ತಿಯೋ, ಡಬ್ಬಿನೇ ಇರ್ಲಿಲ್ಲೋ?” ಡಾಕ್ಟರು ಬಿಡಲಿಲ್ಲ. “ಪೊಲೀಸರು ಕೇಳಿದ್ರ ತಾನಾಗೇ ಬಾಯಿ ಬಿಡ್ತಿ.”

“ಸ್ವಲ್ಪ ತಡೀರಿ ಡಾಕ್ಟರ,” ಗುರುಶಾಂತಮ್ಮ ಅಡ್ಡ ಬಂದಳು. “ಹೊತ್ತು ನೆತ್ತಿಗೆ ಬರೋತನಕ ಟೈಮು ಕೊಡ್ರಿ ನಂಗ.”

ಗಾಡಿಯ ಹನುಮಣ್ಣನನ್ನು ಕರೆಸಿದಳು. ನಿನ್ನೆ ಜೋಳದ ಚೀಲ ಇಳಿಸಿದವನು ಅವನೇ.

“ವಾಪಸ್ ಹೋಗುವಾಗ ಗಾಡ್ಯಾಗ ಏನಿತ್ತು?”

“ನಾಕೇಮಿ ತೆಲುಸಮ್ಮಾ, ನಂಗೇನು ಗೊತ್ತು... ಬರೇ ಖಾಲಿ ಚೀಲ! ಸುಂಕದ ನಾಕಾದಾಗ ಜಡ್ತಿ ಮಾಡ್ಯಾರ, ಕೇಳ್ರಿ ಬೇಕಾದ್ರ.”

ಅದು ನಿಜವೇ. ನಾಕಾದವರು ಯಾವ ಗಾಡಿಯನ್ನೂ ಹುಡುಕದೆ ಬಿಡುತ್ತಿರಲಿಲ್ಲ. ಹಾಗಾದರೆ ಡಬ್ಬಿ ಜಿನ್ನು ಬಿಟ್ಟು ಹೋಗಿಲ್ಲವೇ?

ಗುರುಶಾಂತಮ್ಮ ಯೋಚಿಸುತ್ತ ಅಂಗಳಕ್ಕೆ ಬಂದಳು. ಬಾವಿಯ ಸುತ್ತ ಕೊಡಗಳ ಸಾಲು, ಹೆಂಗಸರ ಗದ್ದಲ. ಬೆಳಕು ಹರಿಯುವಾಗ ಬಂದಾಗಲೂ ಈ ಸಾಲು ಹೀಗೇ ಇತ್ತು. ಇದರಲ್ಲೇನು ವಿಶೇಷ—ಅಂದುಕೊಂಡವಳು ತಟ್ಟನೆ ನಿಂತಳು. ಪುಡಿ ಹಾಕಲು ಶುರುಮಾಡಿದ ಮೇಲೆ ಈ ಬಾವಿಯ ಹತ್ತಿರ ಇಷ್ಟು ಜನರನ್ನು ಅವಳು ಕಂಡಿರಲಿಲ್ಲ! ಬೈದರೂ ಕೇಳದೆ ಹಳ್ಳದ ಕೊಳೆನೀರಿಗೇ ಹೋಗುತ್ತಿದ್ದರು.

ಸಾಲಿನಲ್ಲಿ ಹುಲುಗಮ್ಮ ಇದ್ದಳು. ಅವಳ ಮಗಳು ವಾಂತಿಭೇದಿಯಿಂದ ಒಳಗೆ ಮಲಗಿದ್ದಳು.

“ಹುಲುಗಮ್ಮ, ಇವತ್ತು ಹಳ್ಳಕ್ಕ ಹೋಗ್ಲಿಲ್ಲ ಯಾಕ?”

“ಇವತ್ತು ನೀರು ಚಲೋ ಐತ್ರಿ ಅವ್ವಾರ. ವಾಸನಿ ಇಲ್ಲ.”

“ಸೇದಿದ ಮ್ಯಾಲಲ್ಲ ವಾಸನಿ ಗೊತ್ತಾಗೂದು? ನೀವೆಲ್ಲ ಬೆಳಕಿಗೇ ಕೊಡ ಹೊತ್ಕೊಂಡು ಬಂದೀರಿ. ಚಲೋ ಐತಿ ಅಂತ ಮೊದಲಽ ಹೇಳಿದೋರು ಯಾರು?”

ಹುಲುಗಮ್ಮ ತಲೆ ತಗ್ಗಿಸಿದಳು. ಸಾಲಿನಲ್ಲಿದ್ದವರು ಕೊಡ ಸರಿಸತೊಡಗಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಚನ್ನಬಸಯ್ಯ ಕದ್ದು ಮಾರಿದ್ದರೆ ಈ ಹೆಂಗಸರಿಗೆ ಹೇಗೆ ಗೊತ್ತು? ಗುರುಶಾಂತಮ್ಮ ನಿಧಾನವಾಗಿ ಸಾಲನ್ನು ದಾಟಿ, ಜಿನ್ನಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದ ಗಂಗಕ್ಕನ ಹತ್ತಿರ ಹೋದಳು. ಹೊಳೆಯಾಚೆಯಿಂದ ಬಂದವರಿಗೆಲ್ಲ ಹಿರಿಯಳು ಗಂಗಕ್ಕ. ದಿನಾ ಉಗ್ರಾಣದೊಳಗೆ ಕುಳಿತು ಸೇರಿನಲ್ಲಿ ಜೋಳ ಅಳೆದು ಹಾಕುತ್ತಿದ್ದವಳೂ ಅವಳೇ.

ಗುರುಶಾಂತಮ್ಮ ಅವಳ ಮಗ್ಗುಲಲ್ಲಿ ಕುಳಿತು ಸೀರೆಯ ಸೆರಗನ್ನು ಕೈಗೆತ್ತಿಕೊಂಡಳು. ಕಡುನೀಲಿ ಸೀರೆ. ಅದರ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ. ಬೆಳಿಗ್ಗೆ ಗಂಜಿ ಹಾಕುವಾಗಲೇ ಕಂಡಿತ್ತು. ಎಲೆ ಅಡಿಕೆಯ ಸುಣ್ಣವಿರಬೇಕೆಂದು ಸುಮ್ಮನಾಗಿದ್ದಳು. ಈಗ ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ. ಅದು ಅಂಟಿದ ಬಿಳಿಯಲ್ಲ, ಬಣ್ಣವೇ ಸುಟ್ಟುಹೋದ ಬಿಳಿ.

“ಡಾಕ್ಟರ, ಬರ್ರಿ ಇಲ್ಲಿ,” ಎಂದಳು. “ಮೊನ್ನೆ ಈ ಸೀರಿ ಮಡಿಕಿ ಬಿಚ್ಚಿ ಉಡಿಗೆ ಹಾಕಿದಾಕಿ ನಾನು. ಒಂದು ಕಲೆ ಇರ್ಲಿಲ್ಲ. ಹೊಸ ನೀಲಿ ಹಿಂಗ ಚುಕ್ಕಿ ಚುಕ್ಕಿ ಬೆಳ್ಳಗಾಗಬೇಕಂದ್ರ ನಿಮ್ಮ ಪುಡಿನೇ ಸಿಡೀಬೇಕು. ನಿನ್ನೆ ಚನ್ನಬಸಯ್ಯ ಚೀಲ ಇಳಿಸಾಕ ಹೊರಗ ಹೋದಾಗ ಗಂಗಕ್ಕ ಒಬ್ಬಾಕಿನೇ ಒಳಗಿದ್ಲು. ಡಬ್ಬಿ ಬುಟ್ಟ್ಯಾಗ ಇಟ್ಟು ಮ್ಯಾಲೆ ಜೋಳ ಮುಚ್ಚಿ ತಂದಿರ್ಬೇಕು. ಹೌದಲ್ಲ, ಗಂಗಕ್ಕ?”

ಗಂಗಕ್ಕ ಅಳಲಿಲ್ಲ. ಸೆರಗನ್ನು ಬಿಡಿಸಿಕೊಂಡಳು.

“ಹೌದ್ರಿ. ಹತ್ತಿಕಾಳಿನ ರಾಶ್ಯಾಗ ಹೂತೀನಿ. ಚೆಲ್ಲಿಲ್ಲ. ಏನೈತಿ ಅಂತ ಮುಚ್ಚಳ ತೆಗೆದು ನೋಡಿದ್ನಿ, ಗಾಳಿಗೆ ಹಾರಿತು. ಬಾವಿಗೆ ಪುಡಿ ಬಿದ್ದಿಲ್ಲ ಅಂತ ಇವರಿಗೆಲ್ಲ ಹೇಳಿದಾಕಿನೂ ನಾನು.”

“ನಿಂಗೇನ್ ತಲಿ ಕೆಟ್ಟೈತೇನು?” ಮರಿಬಸಪ್ಪ ಸಿಡಿದ. “ಜೀವ ಉಳಿಸೋ ಔಷಧಿ ಅದು!”

“ಔಷಧಿ!” ಗಂಗಕ್ಕ ಅವನತ್ತ ತಿರುಗಿದಳು. “ನಮ್ಮೂರಿಗೆ ದಾಳಿ ಬಿದ್ದ ದಿನ ಬಾವಿಗೆ ಏನೋ ಸುರುವಿದ್ರು. ಆ ನೀರು ಕುಡಿದ ದನ ಅಲ್ಲೇ ಬಿದ್ವು. ಇಲ್ಲಿ ನೀವೂ ಬಾವಿಗೆ ಸುರುವಿದ್ರಿ. ಏನು, ಎತ್ತ ಅಂತ ಒಬ್ಬರಾದರೂ ಹೇಳಿದ್ರೇನು? ಮೊಮ್ಮಗನ್ನ ಮಣ್ಣಿಗಿಟ್ಟು ಬಂದಾಕಿ ನಾನು. ಉಳಿದ ಕೂಸುಗಳ್ನ ನೋಡ್ಬೇಕಲ್ಲ?”

“ನಿನ್ನ ಮೊಮ್ಮಗ ಹೋದ ಮ್ಯಾಲೆ ಪುಡಿ ಹಾಕಾಕ ಹತ್ತಿದ್ದು, ಗಂಗಕ್ಕ,” ಗುರುಶಾಂತಮ್ಮ ಮೆಲ್ಲಗೆ ಅಂದಳು. “ಇನ್ನೊಂದು ಕೂಸು ಹೋಗಬಾರದು ಅಂತ.”

“ಇರಬಹುದು. ಆದ್ರ ಅವ್ವಾರ, ಪುಡಿ ಬಿದ್ದ ನೀರು ನೀವು ಒಂದು ದಿನನಾದ್ರೂ ಕುಡಿದೀರೇನು? ನಿಮ್ಮ ನೀರು ಮನಿಯಿಂದ ಬರ್ತೈತಿ. ಡಾಕ್ಟರದೂ ಅಷ್ಟೆ. ಅದನ್ನ ನಾವೆಲ್ಲ ನೋಡೀವಿ.”

ಗುರುಶಾಂತಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮನೆಯ ತಂಬಿಗೆ ತರುವುದು ಅವಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಷ್ಟು ಕಣ್ಣುಗಳು ಅದನ್ನು ನೋಡುತ್ತಿದ್ದವು, ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದವು. ಅವಳಿಗೆ ಹೊಳೆದೇ ಇರಲಿಲ್ಲ.

ಚನ್ನಬಸಯ್ಯನ ಮುಂದೆ ಮೊದಲು ಕೈಮುಗಿದವಳು ಗಂಗಕ್ಕ. “ನಿನ್ನ ತಲಿಮ್ಯಾಲೆ ಬರ್ತೈತಿ ಅಂತ ತಿಳೀಲಿಲ್ಲಪ್ಪ,” ಎಂದಳು. ಅವನು ಹೋಗಿ ಹತ್ತಿಕಾಳು ಕೆದಕಿ ಡಬ್ಬಿ ತಂದ. ಡಾಕ್ಟರು ಈ ಸಲ ಪುಡಿಯನ್ನು ಎಲ್ಲರಿಗೂ ತೋರಿಸಿದ, ಅದು ಏನು ಮಾಡುತ್ತದೆಂದು ಬಿಡಿಸಿ ಹೇಳಿದ. ಬಾವಿಗೆ ಹಾಕಿಸಿ, ಕದಡಿಸಿ, ನೀರು ತಿಳಿಯಾಗುವವರೆಗೆ ಹೆಂಗಸರ ಜೊತೆ ತಾನೂ ನೆಲದ ಮೇಲೆ ಕುಳಿತ.

ಆಮೇಲೆ ಗುರುಶಾಂತಮ್ಮ ತಾನೇ ಹಗ್ಗ ಹಿಡಿದು ಒಂದು ಕೊಡ ಸೇದಿದಳು. ಬೊಗಸೆ ತುಂಬ ನೀರೆತ್ತಿ ಎಲ್ಲರೆದುರು ಕುಡಿದಳು. ಮೂಗಿಗೆ ಘಾಟು ಅಡರಿತು. ಗಂಟಲು ಒಗರಾಯಿತು. ಮುಖ ಕಿವುಚದಿರಲು ಆಗಲಿಲ್ಲ.

ಗಂಗಕ್ಕ ಎವೆಯಿಕ್ಕದೆ ನೋಡುತ್ತಿದ್ದಳು.

“ಹೆಂಗೈತ್ರಿ ಅವ್ವಾರ?”

“ಭಾಳ ಕೆಟ್ಟೈತಿ, ಗಂಗಕ್ಕ. ವಾಸನಿ ತಡಿಯಾಕ ಆಗೂದಿಲ್ಲ.”

“ಹಂಗಂದ್ರ ಖರೇ ಹೇಳಾಕತ್ತೀರಿ,” ಎಂದು ಗಂಗಕ್ಕ ಎದ್ದು ಬಂದಳು. ಬಾವಿಯ ಕಟ್ಟೆಗೆ ಒರಗಿ, ಎರಡೂ ಕೈ ಜೋಡಿಸಿ ಬೊಗಸೆಯೊಡ್ಡಿದಳು.