ಹಳ್ಳದಾಚೆಯ ಮನೆಗೆ ಹಾಲು

ಎರಡು ಬೆಡ್‌ರೂಮಿನ ಮನೆಯ ವೈರಿಂಗ್ ಎಷ್ಟು ದಿನದ ಕೆಲಸ? ಹೆಚ್ಚೆಂದರೆ ಎಂಟು. ಚೈತ್ರಾ ನಾಲ್ಕು ಕಡೆ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದಳು. ತಿಪ್ಪೇಶ ಹಳ್ಳದಾಚೆಯ ಹೊಸ ಮನೆಗೆ ಹೋಗಲು ಶುರು ಮಾಡಿ ಅವತ್ತಿಗೆ ಇಪ್ಪತ್ಮೂರು ದಿನ.

ಮನೆ ಬಿಂದು ಡಾಕ್ಟರದು. ದನದ ಡಾಕ್ಟರು, ಇನ್ನೂ ಮದುವೆಯಾಗಿಲ್ಲ. ನಕ್ಕರೆ ಗುಳಿ ಬೀಳುತ್ತದೆ. ಅದು ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ ಎಂಬುದನ್ನೂ ಚೈತ್ರಾ ತಿಳಿದುಕೊಂಡಿದ್ದಳು. ಎಡಗೆನ್ನೆ.

ಹಿರಿಯೂರಿನ ಅಂಚಿನ ಈ ಶಾಂತಿ ಬಡಾವಣೆಯನ್ನು ಆಟೋದವರು ಇವತ್ತಿಗೂ ಶೇಂಗಾಹೊಲ ಅಂತಲೇ ಕರೆಯುತ್ತಾರೆ. ಮೂವತ್ತು ವರ್ಷದ ಹಿಂದೆ ಅದು ಹೊಲವೇ ಆಗಿತ್ತು. ಮೂವತ್ತು ತುಂಬಿದ ನೆನಪಿಗೆ ಬಡಾವಣೆಯದೊಂದು ಪುಸ್ತಕ ಆಗಲೇಬೇಕೆಂದು ಸಂಘದ ಅಧ್ಯಕ್ಷ ನಾಗರಾಜಪ್ಪ ಹಟ ಹಿಡಿದರು. ಅಕ್ಷರ ದುಂಡಗಿವೆ ಅಂತ ನರ್ಸರಿ ಟೀಚರ್ ಚೈತ್ರಾಳಿಗೆ ಬರೆಯುವ ಕೆಲಸ ಬಿತ್ತು. ಎಲ್ಲರ ಮನೆಯ ಅಟ್ಟ ಹತ್ತಿಳಿದವನು ಅಂತ ಎಲೆಕ್ಟ್ರಿಷಿಯನ್ ತಿಪ್ಪೇಶನಿಗೆ ಅವಳನ್ನು ಮನೆಮನೆಗೆ ಕರೆದೊಯ್ಯುವ ಕೆಲಸ.

ಆರು ತಿಂಗಳ ಭಾನುವಾರದ ಸಂಜೆಗಳೆಲ್ಲ ಅವರಿಬ್ಬರದೇ ಆದವು. ಹೋದ ಮನೆಯಲ್ಲೆಲ್ಲ ಟೀ. "ಇವಳಿಗೆ ಸಕ್ಕರೆ ಕಮ್ಮಿ ಹಾಕ್ರಿ" ಎಂದು ಅವನೇ ಮುಂಚೆ ಹೇಳಿಬಿಡುವನು. ಅಷ್ಟು ಹೇಳುವವನು ಮುಂದಿನ ಮಾತು ಯಾಕೆ ಹೇಳುವುದಿಲ್ಲ ಎಂದು ಅವಳು ಲೋಟದ ಅಂಚಿನ ಮೇಲಿಂದ ನೋಡುವಳು. ಅವನು ಗೋಡೆಯ ಸ್ವಿಚ್‌ಬೋರ್ಡ್ ನೋಡುವನು.

ಆ ಬಡಾವಣೆಯ ಇತಿಹಾಸವೆಂದರೆ ಹಾಲಿನ ಇತಿಹಾಸ. ಹೊಸ ಮನೆಯ ಒಕ್ಕಲಿನ ದಿನ ಉಕ್ಕಿಸುವ ಹಾಲು ಅದಕ್ಕಿಂತ ಮುಂಚೆ ಒಕ್ಕಲಾದ ಮನೆಯಿಂದ ಬರಬೇಕು. ಹಾಗೆ ಮನೆಯಿಂದ ಮನೆಗೆ ನಡೆದು ಅರವತ್ತನಾಲ್ಕನೆಯದಕ್ಕೆ ಬಂದು ನಿಂತಿತ್ತು. ಅರವತ್ತನಾಲ್ಕನೆಯ ಮನೆ ತಿಪ್ಪೇಶನದು. ಅಂದರೆ ಬಿಂದು ಡಾಕ್ಟರ ಮನೆಗೆ ಹಾಲು ಒಯ್ಯುವವನು ಅವನೇ. ಚೆಂಬು ಹಿಡಿದು ಅವನು ಆ ಗುಳಿಯ ಎದುರು ನಿಲ್ಲುವುದನ್ನು ನೆನೆದರೆ ಚೈತ್ರಾಳ ಎದೆಯಲ್ಲಿ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಬುಧವಾರ ಸಂಜೆ ಗಣಪತಿ ಗುಡಿಯ ಜಗಲಿಯಲ್ಲಿ ಸಂಘದ ಸಭೆ.

"ಡಾಕ್ಟರ ಮನೆ ಒಕ್ಕಲು ಶುಕ್ರವಾರ ಐತೆ. ಹಾಲು ನಿಮ್ಮನೇದು. ಏನಪ್ಪ ತಿಪ್ಪೇಶ?" ಎಂದರು ನಾಗರಾಜಪ್ಪ.

ತಿಪ್ಪೇಶ ಬಾಯಿ ತೆರೆಯುವಷ್ಟರಲ್ಲಿ ಚೈತ್ರಾ ಎದ್ದಿದ್ದಳು. "ಹಳ್ಳದಾಚೆ ನಮ್ಮ ಲೇಔಟಿಗೆ ಸೇರಲ್ಲ ಅಂಕಲ್. ನಾನೇ ಎಲ್ಲಾ ಬರ್ದೀನಲ್ಲ, ಇಲ್ಲೀವರೆಗೂ ಈ ಹಾಲು ಹಳ್ಳ ದಾಟಿಲ್ಲ."

"ಬರದೋಳೇ ಹೇಳಿದ ಮ್ಯಾಲೆ ಇನ್ನೇನೈತೆ," ಎಂದರು ಅವರು, ಹಿಂದಿನ ಸಾಲಿನಲ್ಲಿ ಕುಳಿತ ಬಿಂದುವಿನ ಮುಖ ನೋಡಲಾಗದೆ.

"ಇರ್ಲಿ ಬಿಡ್ರಿ ಸರ್. ಪ್ಯಾಕೆಟ್ ಹಾಲೂ ಉಕ್ಕುತ್ತೆ," ಎಂದು ಬಿಂದು ನಕ್ಕಳು. ಗುಳಿ ಬೀಳಲಿಲ್ಲ.

ಚೈತ್ರಾ ಹೇಳಿದ್ದು ಸುಳ್ಳು. ಸುಳ್ಳೆಂದು ಆ ಜಗಲಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಬಡಾವಣೆಯ ಮೊಟ್ಟಮೊದಲ ಮನೆ ಮಹಾದೇವಮ್ಮಜ್ಜಿಯದು. ಮಂಡಿನೋವಿನ ಅಜ್ಜಿ ಸಭೆಗೆ ಬರುವುದಿಲ್ಲ. ಅವರು ತಮ್ಮ ಪಡಸಾಲೆಯಲ್ಲಿ ಹೇಳಿದ್ದನ್ನು ಚೈತ್ರಾ ಮೊದಲ ಪುಟದಲ್ಲೇ ಬರೆದುಕೊಂಡಿದ್ದಳು, ತಿಪ್ಪೇಶ ಪಕ್ಕದಲ್ಲೇ ಕೂತಿದ್ದ: "ನಾವು ಬಂದಾಗ ಇಲ್ಲಿ ಯಾರಿದ್ರವ್ವ ಹಾಲು ಕೊಡಾಕೆ? ಹಳ್ಳದಾಚೆ ಕುರಿಗಾರರ ಹಟ್ಟಿಯಿಂದ ಪಾಲಮ್ಮ ಅನ್ನೋಳು ಬಂದ್ಲು, ಒಂದು ಚೆಂಬು ಹಾಲು ಹಿಡ್ಕಂಡು. ಕರೆದಿರಲಿಲ್ಲ ನಾನು."

ಮೊದಲ ಹಾಲೇ ಹಳ್ಳ ದಾಟಿ ಬಂದದ್ದು. ತಿಪ್ಪೇಶ ಎದ್ದು ಹೇಳಿಬಿಡುತ್ತಾನೆ ಎಂದು ಚೈತ್ರಾ ಕಾದಳು. ಅವನು ಒಮ್ಮೆ ಅವಳನ್ನು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅವಳು ಹಳ್ಳದ ಮೋರಿಯ ಹತ್ತಿರ ಅವನನ್ನು ಹಿಡಿದಳು.

"ಸುಮ್ನೆ ಕುಂತಿದ್ಯಲ್ಲ, ಯಾಕೆ? ಬೈಬಹುದಿತ್ತು."

"ಹತ್ತು ಜನದ ಮುಂದೆ ನಿನ್ನ ಮುಖ ಇಳಿಸಿ ನಾನು ಯಾರ ಮನೇಲಿ ಟೀ ಕುಡೀಲಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಒಂದೇ ಕೇಳ್ತೀನಿ. ಸಿಟ್ಟು ಹಳ್ಳದ ಮೇಲಾ, ನನ್ನ ಮೇಲಾ?"

"ಎಂಟು ದಿನದ ಕೆಲಸ. ಇಪ್ಪತ್ಮೂರು ದಿನ."

"ಎಣಿಸಿದೀಯಾ?"

"ಎಣಿಸದೆ ಇನ್ನೇನು ಮಾಡ್ಲಿ? ಭಾನುವಾರವೂ ಬರಲಿಲ್ಲ ನೀನು."

ತಿಪ್ಪೇಶ ಟೆಸ್ಟರನ್ನು ಜೇಬಿನಿಂದ ತೆಗೆದ, ಮತ್ತೆ ಇಟ್ಟುಕೊಂಡ. "ಎಂಟೇ ದಿನಕ್ಕೆ ಮುಗೀತು. ಆಮೇಲೆ ನಾನೇ ಎಳೀತಿದೀನಿ. ಅವರ ಮಾಳಿಗೆ ಮೇಲಿಂದ ನಿಮ್ಮ ಸ್ಕೂಲಿನ ಅಂಗಳ ಕಾಣ್ತೈತೆ. ಹನ್ನೆರಡೂವರೆಗೆ ಮಕ್ಕಳನ್ನ ಸಾಲು ನಿಲ್ಸಿ ಕೈ ತೊಳಸ್ತೀಯಲ್ಲ. ಒಂದೊಂದು ಸಲ ಸೆರಗಲ್ಲೇ ಒರಸ್ತೀಯ."

ಚೈತ್ರಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಡಾಕ್ಟರಿಗೂ ಗೊತ್ತು. 'ಏನ್ರಿ ತಿಪ್ಪೇಶಣ್ಣ, ಮಾಳಿಗೆ ಪಾಯಿಂಟು ಇನ್ನೂ ಕೂಡ್ಲಿಲ್ವಾ?' ಅಂತ ದಿನಾ ಕಾಡ್ಸ್ತಾರೆ. ಭಾನುವಾರ ನಿನ್ನ ಮುಂದೆ ಕುಂತ್ರೆ ಬಾಯಿ ಬಿಟ್ಟು ಹೇಳಬೇಕಾಗ್ತೈತೆ. ಅದಕ್ಕೇ ತಪ್ಪಿಸ್ಕಂಡೆ."

ಚೈತ್ರಾ ಯಾರ ಮನೆಯ ಹಾಲು ನಿಲ್ಲಿಸಿದ್ದಳೋ ಆ ಬಿಂದುವೇ ತಿಪ್ಪೇಶನ ಗುಟ್ಟನ್ನು ತನ್ನ ಮಾಳಿಗೆಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಚೈತ್ರಾ ಅಲ್ಲಿಂದ ನೇರ ನಾಗರಾಜಪ್ಪನವರ ಮನೆಗೆ ಹೋಗಿ ನೋಟ್‌ಬುಕ್ಕಿನ ಮೊದಲ ಪುಟ ಬಿಚ್ಚಿ ಮುಂದಿಟ್ಟಳು. ಅವರು ಓದಿ ಕನ್ನಡಕ ತೆಗೆದರು. "ಇದನ್ನ ನಂಗೆ ಹೇಳಿದ್ರೆ ಸಾಲದವ್ವ. ಆಯಮ್ಮಂಗೆ ಹೇಳ್ಬೇಕು," ಎಂದಷ್ಟೇ ಅಂದರು.

ಶುಕ್ರವಾರ ಬೆಳಿಗ್ಗೆ ತಿಪ್ಪೇಶ ಹಾಲಿನ ಚೆಂಬು ಹಿಡಿದು ಅವಳ ಗೇಟಿನ ಮುಂದೆ ನಿಂತ. "ಹೋಗಾಣ?" ಎಂದು ಚೆಂಬನ್ನು ಅವಳ ಕೈಗೆ ಕೊಟ್ಟ. ಹಳ್ಳ ದಾಟುವವರೆಗೂ ಹಾಲು ತುಳುಕದಂತೆ ಅವನು ಅವಳ ಮೊಣಕೈ ಕೆಳಗೆ ಅಂಗೈ ಹಿಡಿದಿದ್ದ, ಮುಟ್ಟಿಯೂ ಮುಟ್ಟದ ಹಾಗೆ.

ಹೊಸಿಲಿನಲ್ಲಿ ಬಿಂದು, ಹಿಂದೆ ಅರ್ಧ ಬಡಾವಣೆ.

"ಅವತ್ತು ನಾನು ಹೇಳಿದ್ದು ಸುಳ್ಳು ಡಾಕ್ಟ್ರೆ. ಈ ಪದ್ಧತಿ ಹುಟ್ಟಿದ್ದೇ ಹಳ್ಳದ ಈ ಕಡೆಯಿಂದ. ನಿಮ್ಮ ಮೇಲೆ ಹೊಟ್ಟೆಕಿಚ್ಚಿತ್ತು," ಎಂದಳು ಚೈತ್ರಾ, ಎಲ್ಲರಿಗೂ ಕೇಳುವಂತೆ.

ಬಿಂದು ಹುಬ್ಬೇರಿಸಿದಳು. "ಇತ್ತು ಅಂತೀರ. ಈಗ ಹೋಯ್ತಾ?"

"ಇಲ್ಲ. ಇವನು ಬಾಯಿ ಬಿಟ್ಟು ಹೇಳೋವರೆಗೂ ಹೋಗಲ್ಲ."

ಜನರೆಲ್ಲ ತಿಪ್ಪೇಶನ ಕಡೆ ತಿರುಗಿದರು. ಅವನ ಕಿವಿ ಕೆಂಪಾಗಿದ್ದವು. ನೋಡಲು ಅಲ್ಲಿ ಸ್ವಿಚ್‌ಬೋರ್ಡ್ ಕೂಡ ಇರಲಿಲ್ಲ.

"ನಿನ್ನೋನೇ ಕಣೆ," ಎಂದ.

"ಸರಿ, ಮೊದ್ಲು ಹಾಲು ಒಲೆ ಮ್ಯಾಲೆ ಇಡ್ರವ್ವ, ಮುಹೂರ್ತ ಮೀರ್ತೈತೆ," ಎಂದರು ನಾಗರಾಜಪ್ಪ. ಬಿಂದು ದಾರಿ ಬಿಟ್ಟು ಸರಿದು, ಚೈತ್ರಾಳ ಕೈ ಹಿಡಿದು ಒಳಗೆ ಕರೆದುಕೊಂಡಳು.