ಕೆಸರಲ್ಲಿ ಕೂತ ಜೀಪು, ಖಾಲಿ ಹೋದ ಡಬ್ಬಿ

“ಅಕ್ಕಾರ, ಈ ದಾರಿ ಮುಂದ ಹೋಗ್ತೈತೇನ್ರಿ?”

ದ್ರಾಕ್ಷಾಯಿಣಿಯ ಕೈಯಲ್ಲಿದ್ದ ಸಲಿಕೆ ಅಲ್ಲೇ ನಿಂತಿತು. ಈ ದನಿ... ಹೋದ ಬೇಸಿಗೆಯಲ್ಲಿ ದಿನಾ ಸಂಜೆ ಫೋನ್ ಮಾಡಿ ‘ಊಟ ಆತೇನು’ ಎಂದು ಕೇಳುತ್ತಿದ್ದ ದನಿ. ಹತ್ತರಗಿಯ ಕಾಶಿನಾಥ!

ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಉತ್ತರಕ್ಕೆ ಕಾಯುತ್ತಿದ್ದ. ಬಿಸಿಲಿಗೆಂದು ಅವಳು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದಳು. ಕಣ್ಣೆರಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವನಿಗೆ ಗುರುತು ಸಿಗಲಿಲ್ಲ.

ಅಕ್ಕಾರ ಅಂತೆ! ಮದುವೆಯಾಗಬೇಕಿದ್ದವಳನ್ನು ಅಕ್ಕ ಮಾಡಿಬಿಟ್ಟ ಪುಣ್ಯಾತ್ಮ.

ಮುಂದೆ ದಾರಿ ಎರಡಾಗಿ ಒಡೆಯುತ್ತಿತ್ತು. ಎಡಕ್ಕೆ ಕಾಲುವೆಯ ಏರಿ, ಗಟ್ಟಿ ನೆಲ. ಬಲಕ್ಕೆ ಕಬ್ಬಿನ ಬದಿಯ ಬಂಡಿದಾರಿ. ನಿನ್ನೆ ಕಬ್ಬಿಗೆ ಬಿಟ್ಟ ನೀರು ಒಡ್ಡು ಒಡೆದು ಆ ದಾರಿಗೆಲ್ಲ ಹರಿದಿತ್ತು. ಎರೆ ಮಣ್ಣಿನ ಗುಣ ನಿಮಗೆ ಗೊತ್ತಲ್ಲ? ಬಿಸಿಲು ಬಿದ್ದರೆ ಮೇಲೆ ಹಕ್ಕಳೆಗಟ್ಟಿ ಸಾಧುವಿನ ಹಾಗೆ ಕೂತಿರುತ್ತದೆ, ಒಳಗೆ ಮೊಣಕಾಲುದ್ದ ಕೆಸರು. ಈ ಊರು ಕಲ್ಲೋಳಿಯ ಎಮ್ಮೆಗಳಿಗೂ ಅದು ತಿಳಿದಿದೆ. ಹೆದ್ದಾರಿ ಬದಿಯ ಹತ್ತರಗಿಯವನಿಗೆ ಎಲ್ಲಿಂದ ತಿಳಿಯಬೇಕು?

ಮಾತಾಡಿದರೆ ಗುರುತು ಹಿಡಿದಾನು! ದ್ರಾಕ್ಷಾಯಿಣಿ ಕೈ ಎತ್ತಿ ಬಲಕ್ಕೆ ತೋರಿಸಿದಳು.

ಜೀಪು ಗತ್ತಿನಿಂದ ಮುಂದೆ ಹೋಯಿತು. ಸ್ವಲ್ಪ ದೂರ ಹೋಗಿರಬೇಕು, ಮುಂದಿನ ಗಾಲಿ ಒಮ್ಮೆಲೇ ಕುಸಿಯಿತು. ಅವನು ಎಕ್ಸಿಲರೇಟರ್ ತುಳಿದ. ಗಾಲಿಗಳು ಗರಗರ ತಿರುಗಿ ಕೆಸರು ತೂರಿದವು. ನಾಲ್ಕೂ ಗಾಲಿ ಎಳೆಯುವ ಗಾಡಿ, ಎಂಥ ಕೆಸರನ್ನೂ ದಾಟುತ್ತದೆ ಎಂದು ಗೋಕಾಕದಲ್ಲಿ ಬಾಡಿಗೆಗೆ ಕೊಟ್ಟವನು ಹೇಳಿ ಕಳಿಸಿದ್ದನಂತೆ. ಇಲ್ಲಿ ನಾಲ್ಕೂ ಸೇರಿ ಗುಂಡಿ ತೋಡಿದವು ಅಷ್ಟೇ. ಜೀಪಿನ ಹೊಟ್ಟೆ ನೆಲಕ್ಕೆ ಹತ್ತಿ ಕೂತಿತು.

ದ್ರಾಕ್ಷಾಯಿಣಿ ನಿಧಾನಕ್ಕೆ ನಡೆದುಬಂದು, ಬದುವಿನ ಮೇಲೆ ನಿಂತು ಟವೆಲ್ ಬಿಚ್ಚಿದಳು.

“ಹ್ಯಾಂಗೈತ್ರಿ ದಾರಿ?”

ಕಾಶಿನಾಥನ ಮುಖದ ಬಣ್ಣವೇ ಇಳಿದುಹೋಯಿತು. “ದ್ರಾಕ್ಷಾಯಿಣಿ... ನೀನ ಏನು?”

“ನಾನ. ಗೊತ್ತಿದ್ದ ತೋರಿಸೇನಿ.”

ಆಹಾ... ಎಷ್ಟು ದಿನದಿಂದ ಕಾದಿದ್ದಳು ಈ ಗಳಿಗೆಗೆ!

ಹೆಣ್ಣು ನೋಡಿ ಹೋದ ಮೇಲೆ ಇವನ ತಾಯಿ ಅಕ್ಕವ್ವ ಒಂದು ಸ್ಟೀಲ್ ಡಬ್ಬಿಯಲ್ಲಿ ಉಂಡಿ ಕಳಿಸಿದ್ದಳು. ಇಬ್ಬರ ಮನೆಗೂ ಓಡಾಡುತ್ತಿದ್ದವನು ಕಾಶಿನಾಥನ ಕಾಕಾ ಬಾಳೇಶ. ದ್ರಾಕ್ಷಾಯಿಣಿ ತಾನೇ ಒಲೆ ಮುಂದೆ ಕೂತು ಶೇಂಗಾ ಹೋಳಿಗೆ ಬೇಯಿಸಿ, ಅದೇ ಡಬ್ಬಿ ತುಂಬಿ, ಅದೇ ಬಾಳೇಶನ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಮರುದಿನ ಸೋಮವಾರ ಬಂದು ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುತ್ತೇವೆ ಎಂದು ಅವರು ಹೇಳಿಯೂ ಆಗಿತ್ತು.

ಸೋಮವಾರ ಬಂತು. ಹತ್ತರಗಿಯವರು ಬರಲಿಲ್ಲ.

ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅವಳು ಬಾಗಿಲ ಕಡೆ ನೋಡುತ್ತ ಕೂತೇ ಇದ್ದಳು. ಕರೆದಿದ್ದ ಮಂದಿ ಅವಲಕ್ಕಿ ತಿಂದು ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ವೀರಪ್ಪ ಫೋನ್ ಮಾಡಿದರೆ ಅಕ್ಕವ್ವ ‘ನಿಮ್ಮ ಜವಾಬು ಮುಟ್ಟೈತ್ರಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಯಾವ ಜವಾಬು? ಯಾರಿಗೂ ಅರ್ಥವಾಗಲಿಲ್ಲ. ಹುಡುಗಿಯಲ್ಲೇ ಏನೋ ಐಬು ಇರಬೇಕು ಎಂದು ಊರು ತೀರ್ಮಾನ ಮಾಡಿತು. ಅಪ್ಪ ಅಂದಿನಿಂದ ಊರ ಹಿರಿಯರು ಸೇರುವ ಅಗಸಿ ಕಟ್ಟೆಗೆ ಹೋಗಿ ಕೂರುವುದನ್ನೇ ಬಿಟ್ಟಿದ್ದ. ಅವಳಿಗೆ ತನ್ನ ಅವಮಾನಕ್ಕಿಂತ ಅದೇ ಹೆಚ್ಚು ಸುಡುತ್ತಿತ್ತು. ಆ ರಾತ್ರಿಯೇ ಅವಳು ಕಾಶಿನಾಥನ ನಂಬರ್ ಬ್ಲಾಕ್ ಮಾಡಿದ್ದಳು. ನಿನಗೂ ಒಂದು ದಿನ ಬರಲಿ, ಎಂದು ಮನಸ್ಸಿನಲ್ಲೇ ಹಲ್ಲು ಕಡಿದಿದ್ದಳು.

ಇವತ್ತು ಮುಂಜಾನೆ ಕಳೆ ತೆಗೆಯಲು ಬಂದ ಹನಮವ್ವ ಸುದ್ದಿ ತಂದಳು. ಅವನು ಮೂಡಲಗಿಗೆ ಹೆಣ್ಣು ನೋಡಲು ಹೊರಟಿದ್ದಾನೆ, ಅದಕ್ಕೇ ಜೀಪು ಬಾಡಿಗೆ ಹಿಡಿದಿದ್ದಾನೆ. ಕಲ್ಲೋಳಿ ಮಂದಿಯ ಕಣ್ಣು ತಪ್ಪಿಸಲು ಕಾಲುವೆ ದಾರಿ ಹಿಡಿದಿದ್ದಾನೆ ಕಳ್ಳ, ಎಂದುಕೊಂಡಿದ್ದಳು ದ್ರಾಕ್ಷಾಯಿಣಿ.

“ಟ್ರ್ಯಾಕ್ಟರ್ ನಮ್ಮದ ಐತಿ, ಅಲ್ಲೆ ಏರಿ ಮ್ಯಾಲ ನಿಂತೈತಿ,” ಎಂದಳು. “ನಾ ಮಾತ್ರ ಎಳ್ಯಾಂಗಿಲ್ಲ. ಮೂಡಲಗಿಯವ್ರು ಕಾಯಲಿ, ನೀವು ಇಲ್ಲೆ ಕುಂಡ್ರಿ. ಕಾಯೋದಂದ್ರ ಹ್ಯಾಂಗಿರತೈತಿ ಅನ್ನೂದು ತಿಳೀಲಿ.”

ಅವನು ಕೈಮುಗಿಯುತ್ತಾನೆ, ಗೋಗರೆಯುತ್ತಾನೆ ಎಂದುಕೊಂಡಿದ್ದಳು. ಅವನು ಗೋಗರೆಯಲಿಲ್ಲ. ಜೀಪಿನಿಂದ ಇಳಿದ. ಹೊಸ ಪ್ಯಾಂಟು ಮೊಣಕಾಲಿನವರೆಗೆ ಕೆಸರಲ್ಲಿ ಮುಳುಗಿತು, ಒಂದು ಚಪ್ಪಲಿ ಒಳಗೇ ಉಳಿಯಿತು. ಅವಳಿಗೆ ನಗು ಬಂತು, ನುಂಗಿಕೊಂಡಳು. ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನು ಅದನ್ನು ಮುಟ್ಟಲೂ ಇಲ್ಲ.

ಹಿಂದಿನ ಸೀಟಿನಿಂದ ಏನನ್ನೋ ತೆಗೆದು, ಎದೆಗೆ ಅವುಚಿಕೊಂಡು ಬದುವಿನವರೆಗೆ ಕಾಲೆಳೆದುಕೊಂಡು ಬಂದ.

ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಅಕ್ಕವ್ವನ ಹೆಸರು ಕೊರೆದಿತ್ತು.

“ಈ ಡಬ್ಬಿ ನಮ್ಮ ಮನಿಗಿ ಖಾಲಿ ಬಂದಿತ್ತು,” ಎಂದ.

“ಸುಳ್ಳ ಹೇಳಬ್ಯಾಡ್ರಿ. ನಾನ ತುಂಬೇನಿ ಅದನ್ನ.”

“ಗೊತ್ತೈತಿ. ನಿನ್ನೆ ಗೊತ್ತಾತು.”

ಅವನು ತಡವರಿಸುತ್ತ ಎಲ್ಲ ಹೇಳಿದ. ಬಾಳೇಶನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ತೋರಿಸುವುದೂ ಇಲ್ಲ. ಅವತ್ತು ಅರಭಾವಿಯಲ್ಲಿ ಬಸ್ ಬರುವುದು ತಡವಾಯಿತು. ತೊಡೆಯ ಮೇಲೆ ಡಬ್ಬಿ, ಡಬ್ಬಿಯೊಳಗೆ ತುಪ್ಪದ ವಾಸನೆ. ಒಂದೇ ಒಂದು ಎಂದು ಶುರು ಮಾಡಿದವನು ತಳ ಕಂಡ ಮೇಲೆಯೇ ನಿಲ್ಲಿಸಿದ! ಅಕ್ಕವ್ವನ ಮನೆತನದಲ್ಲಿ ಒಂದು ರೂಢಿ. ಉಂಡಿ ಹೋದ ಡಬ್ಬಿ ತುಂಬಿ ಬಂದರೆ ಒಪ್ಪಿಗೆ, ಖಾಲಿ ಬಂದರೆ ಹೆಣ್ಣು ಕೊಡುವುದಿಲ್ಲ ಎಂದು ಅರ್ಥ. ಯಾಕೆ, ಏನು ಎಂದು ಯಾರೂ ಕೇಳುವಂತಿಲ್ಲ. ಬಾಯಿಬಿಟ್ಟು ಇಲ್ಲ ಅನ್ನುವ ಸಂಕಟ ಬೇಡವೆಂದು ಹಿರಿಯರು ಮಾಡಿಟ್ಟ ಮರ್ಯಾದೆ ಅದು.

ಸಂಬಂಧವೇ ಮುರಿಯಿತು ಎಂದು ಗೊತ್ತಾದ ಮೇಲೆ ಬಾಳೇಶನ ಬಾಯಿಗೆ ಬೀಗ ಬಿತ್ತು. ನಿನ್ನೆ ಅಕ್ಕವ್ವ ಅದೇ ಡಬ್ಬಿ ತೋರಿಸಿ, ಹುಡುಗಿ ಒಪ್ಪಿಗೆಯಾದರೆ ಮೂಡಲಗಿಗೂ ನೀನೇ ಒಯ್ಯಿ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಕಾಶಿನಾಥನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿ ಅತ್ತುಬಿಟ್ಟ.

“ಆ ಸೋಮವಾರ ರಾತ್ರಿ ತಡೀಲಾರದ ನಿನಗ ಫೋನ್ ಹಚ್ಚಿದೆ. ಬ್ಲಾಕ್ ಇತ್ತು. ಖರೇನ ಬ್ಯಾಡಾಗೇನಿ ಅಂತ ತಿಳದೆ,” ಎಂದ ಕಾಶಿನಾಥ. “ಇವತ್ತ ಅವ್ವನ್ನ ಬಸ್ಸಿಗಿ ಹತ್ತಿಸಿ ಮೂಡಲಗಿಗಿ ಕಳಿಸಿ, ನಾ ಈ ಕಡೆ ಬಂದೆ. ನಿಮ್ಮ ಹೊಲ ಕಾಲುವಿ ದಂಡ್ಯಾಗ ಐತಿ ಅಂತ ನೀನ ಹೇಳಿದ್ದಿ. ಕೆಸರ ಇರತೈತಿ ಅಂತನ ಈ ಗಾಡಿ ತಂದೆ.”

ದ್ರಾಕ್ಷಾಯಿಣಿಗೆ ನಿಂತ ನೆಲವೇ ಕುಸಿದ ಹಾಗಾಯಿತು.

ನನ್ನನ್ನು ನೋಡಲು ಬಂದವನನ್ನೇ ಕೆಸರಿಗೆ ಹಾಕಿದೆನಾ? ಇಷ್ಟು ದಿನ ಸಾಕಿ ಬೆಳೆಸಿದ ಈ ಸೇಡನ್ನು ಈಗ ಯಾರ ಮೇಲೆ ತೀರಿಸಲಿ? ಹೋಳಿಗೆ ಆಸೆಗೆ ಬಿದ್ದ ಮುದುಕನ ಮೇಲೆ?

ಅವನ ಫೋನ್ ಮತ್ತೆ ಬಡಿದುಕೊಂಡಿತು. ಅವಳ ಕಣ್ಣು ಅದರ ಮೇಲೆ ನಿಂತಿತು.

“ಬರಾಂಗಿಲ್ಲ ಅಂತ ಮೂಡಲಗ್ಯಾಗ ಹೇಳೀರೇನು?”

ಅವನು ತಲೆ ತಗ್ಗಿಸಿದ. “ಇಲ್ಲ. ಮೊದಲ ನಿನ್ನ ನೋಡಬೇಕಂತ...”

ದ್ರಾಕ್ಷಾಯಿಣಿಗೆ ಆ ಮನೆ ಕಣ್ಣಿಗೆ ಕಟ್ಟಿತು. ಮುಖವೇ ಗೊತ್ತಿಲ್ಲದ ಹುಡುಗಿ. ಸೀರೆ ಉಟ್ಟಿದ್ದಾಳೆ, ಮಲ್ಲಿಗೆ ಮುಡಿದಿದ್ದಾಳೆ, ಬಾಗಿಲ ಕಡೆ ನೋಡುತ್ತಿದ್ದಾಳೆ. ಹೊರಗೆ ಅವಳಪ್ಪ ರಸ್ತೆಗೂ ಮನೆಗೂ ಓಡಾಡುತ್ತಿದ್ದಾನೆ. ಇಳಿಯುತ್ತಿದ್ದ ಸಿಟ್ಟು ಮತ್ತೆ ಉಕ್ಕಿತು. ಈ ಸಲದ್ದು ತನಗಾಗಿ ಅಲ್ಲ.

“ನಿಮ್ಮ ಮನಿಯವ್ರಿಗೆ ಬಾಯಿ ಅನ್ನೂದು ಐತೋ ಇಲ್ಲೋ? ನನಗ ಆಗಿದ್ದ ಸಾಲಲಿಲ್ಲೇನು, ಇನ್ನೊಬ್ಬಾಕಿಗೂ ಮಾಡಾಕತ್ತೀರಿ?”

ಅವನ ಉತ್ತರಕ್ಕೆ ಕಾಯದೆ ಏರಿಯ ಕಡೆ ನಡೆದಳು. ಟ್ರ್ಯಾಕ್ಟರ್ ತಂದು, ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಸರಪಳಿ ಎಸೆದು, ಕಟ್ಟಿಕೊಳ್ಳಿ ಎಂದಳು. ಅವನು ಕೆಸರಲ್ಲಿ ಅಂಗಾತ ಬಿದ್ದು ಕಟ್ಟಿದ. ಜೀಪು ಮುಲುಗುತ್ತ, ಕೆಸರನ್ನು ಬಿಡಲು ಮನಸ್ಸಿಲ್ಲದ ಹಾಗೆ, ಕೊನೆಗೂ ಮೇಲೆ ಬಂತು.

ಡಬ್ಬಿಯಲ್ಲಿ ಅವನು ಗೋಕಾಕದಿಂದ ಅವಳಿಗೆಂದೇ ತಂದ ಕರದಂಟು ಇತ್ತು. ಅದನ್ನು ತನ್ನ ಬುತ್ತಿಯ ಬಟ್ಟೆಗೆ ಸುರಿದುಕೊಂಡಳು. ಬುತ್ತಿಯಲ್ಲಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

“ಮೂಡಲಗಿಗಿ ಹೋಗ್ರಿ. ಆ ಹುಡುಗಿ ಮುಂದ ನಿಂತು ಬಾಯಿಬಿಟ್ಟ ಹೇಳ್ರಿ. ಆಕಿಯಾಗ ಏನೂ ಐಬಿಲ್ಲಂತ ಆಕಿ ಮಂದಿ ಮುಂದನ ಹೇಳ್ರಿ. ಆಮ್ಯಾಲ ಈ ಡಬ್ಬಿ ನಿಮ್ಮ ಅವ್ವನ ಕೈಯಾಗ ಕೊಡ್ರಿ.”

“ಆಮ್ಯಾಲ?”

“ಆಮ್ಯಾಲಿಂದು ಆಮ್ಯಾಲ.”

ಜೀಪು ಹೋಯಿತು. ದ್ರಾಕ್ಷಾಯಿಣಿ ಒಡೆದ ಒಡ್ಡು ಕಟ್ಟತೊಡಗಿದಳು. ಕೈ ಕೆಲಸ ಮಾಡುತ್ತಿತ್ತು, ಕಿವಿ ದಾರಿಯ ಮೇಲಿತ್ತು. ಆ ಹುಡುಗಿಯನ್ನು ನೋಡಿ ಅವನ ಮನಸ್ಸು ತಿರುಗಿದರೆ? ಅಕ್ಕವ್ವ ಒಪ್ಪದಿದ್ದರೆ? ಕೈಗೆ ಬಂದವನನ್ನು ತಾನೇ ಎಳೆದು ಹೊರಗೆ ಹಾಕಿ ಕಳಿಸಿದೆನಲ್ಲ... ಹುಚ್ಚಿ! ಬಿಸಿಲು ಇಳಿಯಿತು. ಹನಮವ್ವ ಮನೆಗೆ ಹೋದಳು. ಅವಳು ಮಾತ್ರ ಬದುವಿನ ಮೇಲೆ ಕೂತು ಮತ್ತೊಮ್ಮೆ ಕಾಯುತ್ತಿದ್ದಳು.

ದೂರದಲ್ಲಿ ಒಬ್ಬ ನಡೆದು ಬರುತ್ತಿದ್ದ. ಕಾಲಲ್ಲಿ ಚಪ್ಪಲಿ ಇಲ್ಲ, ಮೈಯೆಲ್ಲ ಒಣಗಿದ ಕೆಸರು, ಕೈಯಲ್ಲಿ ಡಬ್ಬಿ. ಜೀಪನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ಬಂದಿದ್ದ.

ಮೂಡಲಗಿಯವರು ಬಾಯಿಗೆ ಬಂದಂತೆ ಬೈದರಂತೆ, ಎಲ್ಲ ನಿಂತು ಕೇಳಿಸಿಕೊಂಡನಂತೆ. ಆ ಹುಡುಗಿ ಮಾತ್ರ, ಹೇಳಲಿಕ್ಕಾದರೂ ಬಂದರಲ್ಲ ಅಂದಳಂತೆ. ಬಾಳೇಶ ಮಾಡಿದ್ದನ್ನು ಕೇಳಿದ ಅಕ್ಕವ್ವ ಡಬ್ಬಿ ತೆರೆದು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಕಲ್ಲೋಳಿಗೆ ನಡಿ ಎಂದು ಜೀಪು ಹತ್ತಿದಳಂತೆ.

“ಅವ್ವ ನಿಮ್ಮ ಮನ್ಯಾಗ ಅದಾಳ. ನಿಮ್ಮಪ್ಪನ್ನ ಅಗಸಿ ಕಟ್ಟಿಗಿ ಕರಕೊಂಡು ಹೋಗಿ, ಊರ ಮಂದಿ ಮುಂದ ತಪ್ಪಾತಂತ ಹೇಳ್ತೇನಿ ಅಂತ ಕುಂತಾಳ,” ಎಂದು ಅವನು ಡಬ್ಬಿ ಮುಂದೆ ಚಾಚಿದ.

ಅವಳು ಮುಚ್ಚಳ ತೆಗೆದಳು. ಡಬ್ಬಿಯ ತುಂಬ ಸಕ್ಕರೆ. ಕಣ್ಣೀರು ತಡೆಯಲಿಲ್ಲ.

“ಮೂಡಲಗ್ಯಾಗ ಆಕಿ ಮುಂದ ನಿಂತಾಗ ಗೊತ್ತಾತು,” ಎಂದ ಅವನು, ಮೆಲ್ಲಗೆ. “ನಿನ್ನ ಬಿಟ್ಟ ಇನ್ನೊಬ್ಬಾಕಿ ಮುಂದ ನನಗ ಕುಂಡ್ರಾಕ ಆಗಾಂಗಿಲ್ಲ. ಇನ್ನೂ ಸಿಟ್ಟೈತೇನು?”

“ಐತಿ. ಭಾಳ ಐತಿ.”

“ಹಂಗಾರ ಮತ್ತ ಯಾವ ಕೆಸರಿಗಿ ಹೋಗ್ಲಿ?”

ಅವಳು ಹಿಡಿ ತುಂಬ ಸಕ್ಕರೆ ತೆಗೆದುಕೊಂಡಳು.

“ಎಲ್ಲಿಗೂ ಹೋಗಬ್ಯಾಡ್ರಿ,” ಎಂದಳು. “ಬಾಯಿ ತೆರೀರಿ.”