ಅಳಿಸಿದ ಮೇಲೂ ಉಳಿದ ದನಿ

"ಯಾರೋ ನಮ್ಮಮ್ಮನ್ನ ಎರಡನೇ ಸಲ ಸಾಯಿಸಿದಾರೆ ಆಂಟಿ," ಎಂದಳು ಬಾಗಿಲಲ್ಲಿ ನಿಂತ ಹೆಂಗಸು.

ಅಳಿಯನ ಕೈಯಲ್ಲಿದ್ದ ಚಹಾದ ಲೋಟ ಬಾಯಿಯವರೆಗೆ ಹೋಗದೆ ಅಲ್ಲೇ ನಿಂತಿತು. ಅವನು ಹಲ್ಲಿನ ಡಾಕ್ಟರು. ನೋವಿನ ಮುಖಗಳು ಅವನಿಗೆ ಹೊಸದಲ್ಲ. ಆದರೂ ಈ ಮುಖ ನೋಡಿ ಲೋಟ ಕೆಳಗಿಟ್ಟು ಎದ್ದ. ಅತ್ತೆ ಮಾತ್ರ ಅಲುಗಾಡಲಿಲ್ಲ. ವಿಮಾ ಕಂಪನಿಯಲ್ಲಿ ತನಿಖಾಧಿಕಾರಿಯಾಗಿ, ತಾವಾಗಿಯೇ ಸುಟ್ಟುಕೊಂಡ ಗೋದಾಮುಗಳನ್ನೂ ಸತ್ತು ಎದ್ದು ಬಂದ ಗಂಡಂದಿರನ್ನೂ ಜಾಲಾಡಿ ನಿವೃತ್ತರಾದವರು ಅವರು. ಈಗ ಆ ಕಟ್ಟಡದ ಯಾವ ಮನೆಯಲ್ಲಿ ಏನು ಕಳೆದರೂ ಜನ ತಟ್ಟುವುದು ಅವರ ಬಾಗಿಲನ್ನೇ. ಅವರ ಚೀಲ ಹಿಡಿದು ಹಿಂದೆ ಓಡುವ ಕೆಲಸ ಅಳಿಯನದು. "ನೀವು ಮದುವೆ ಆಗಿದ್ದು ನನ್ನನ್ನೋ, ಅಮ್ಮನ ಕೇಸುಗಳನ್ನೋ?" ಎಂದು ಹೆಂಡತಿ ಛೇಡಿಸುವುದುಂಟು.

"ಬಾಮ್ಮಾ, ಕೂತ್ಕೊಂಡು ಹೇಳು," ಎಂದರು ಅತ್ತೆ. "ಮೊದಲನೇ ಸಲ ಸಾಯಿಸಿದ್ದು ಯಾರು?"

"ಕಾಯಿಲೆ."

ಆಕೆ ಮೂರನೇ ಮಹಡಿಯ ಗಡಿಯಾರದ ಯಜಮಾನರ ಮಗಳು. ಗಡಿಯಾರ ರಿಪೇರಿ ಮಾಡಿಯೇ ಆಯಸ್ಸು ಕಳೆದ ಆ ಮನುಷ್ಯನಿಗೆ ಹೊತ್ತು ತಪ್ಪದು, ಉಳಿದದ್ದೆಲ್ಲ ಮರೆಯುತ್ತದೆ. ಅದಕ್ಕೇ ಅವರ ಹೆಂಡತಿ ಹಾಸಿಗೆ ಹಿಡಿದಾಗ ತಮ್ಮ ಟ್ಯಾಬ್‌ನಲ್ಲಿ ಗಂಡನಿಗೆ ನೆನಪಿಸುವ ಮಾತುಗಳನ್ನು ತಮ್ಮ ದನಿಯಲ್ಲೇ, ಹೊತ್ತಿಗೆ ಸರಿಯಾಗಿ ಕೇಳಿಸುವಂತೆ, ರೆಕಾರ್ಡ್ ಮಾಡಿಟ್ಟಿದ್ದರು. ಅವರು ಹೋದರು, ದನಿ ನಿಲ್ಲಲಿಲ್ಲ. ದಿನವೂ ಮುಸ್ಸಂಜೆಗೆ ಹಾಲ್‌ನ ಶೆಲ್ಫಿನಿಂದ "ಕಿಟಕಿ ಹಾಕಿದ್ರಾ?" ಎಂದು ಕೇಳುತ್ತಿತ್ತು. "ಹಾಕ್ದೆ ಕಣೇ," ಎಂದು ಯಜಮಾನರು ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಆ ಹೊತ್ತಿಗೆ ಮೆಟ್ಟಿಲ ಮೇಲಿದ್ದವರಿಗೆ ಮೈ ಜುಮ್ಮೆನ್ನುತ್ತಿತ್ತು. ಎರಡೆರಡು ಮೆಟ್ಟಿಲು ಹಾರಿ ಓಡುತ್ತಿದ್ದರು. ಓಡಿದವರಲ್ಲಿ ಅಳಿಯನೂ ಒಬ್ಬ. ಮನೆಯಲ್ಲಿ ಅದನ್ನು ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

"ಆ ಟ್ಯಾಬ್ ತಗೊಂಡು ಹೋಗೋಣ ಅಂತಾನೇ ಊರಿಂದ ಬಂದೆ," ಎಂದಳು ಮಗಳು. "ನಂಗೂ ಅಂತ ಅಮ್ಮ ಏನಾದ್ರೂ ಹೇಳಿರ್ತಾಳೆ, ಕೂತು ಕೇಳೋಣ ಅಂತ. ನಿನ್ನೆ ಬಂದು ನೋಡಿದ್ರೆ ಫ್ಯಾಕ್ಟರಿ ರೀಸೆಟ್ ಮಾಡಿದಾರೆ. ಅಂಗಡಿಯಿಂದ ತಂದ ಹಾಗೆ ಖಾಲಿ! ಇದು ನಮ್ಮತ್ತಿಗೆ ಕೆಲಸ. ಆ ದನಿ ಕೇಳಿದ್ರೆ ಅವಳಿಗೆ ಆಗ್ತಿರ್ಲಿಲ್ಲ. ಅದಿದ್ರೆ ನಾನಿರಲ್ಲ ಅಂತ ಅಣ್ಣನ ಹತ್ರ ಅಂದಿದ್ಲಂತೆ."

"ಅದರ ಪಿನ್ ಯಾರಿಗೆ ಗೊತ್ತಿತ್ತು?"

"ಅಪ್ಪ, ಅಣ್ಣ, ನಾನು. ಅವಳಿಗೆ ಗೊತ್ತಿಲ್ಲ. ಆದ್ರೆ ಪಕ್ಕದ ಗುಂಡಿ ಒತ್ತಿ ಹಿಡಿದ್ರೆ ಪಿನ್ ಇಲ್ದೇನೂ ರೀಸೆಟ್ ಆಗತ್ತೆ. ಅಣ್ಣ ಅವಳನ್ನ ತವರಿಗೆ ಕಳಿಸ್ತೀನಿ ಅಂತ ಕೂತಿದಾನೆ. ಅವಳು ಒಪ್ಕೊಳ್ತಾ ಇಲ್ಲ. ನೀವು ಬಂದು ಒಪ್ಪಿಸಿ ಆಂಟಿ."

"ಒಪ್ಪಿಸೋದು ಪೊಲೀಸ್ರ ಕೆಲಸ. ನಾನು ಬರೀ ನೋಡ್ತೀನಿ," ಎಂದು ಅತ್ತೆ ಚಪ್ಪಲಿ ಮೆಟ್ಟಿದರು.

ಆ ಮನೆಯೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಟಿಕ್‌ಟಿಕ್ ಸದ್ದು. ಗೋಡೆ ತುಂಬ ಗಡಿಯಾರಗಳು, ಒಂದು ನಿಮಿಷವೂ ಹಿಂದುಮುಂದಿಲ್ಲ. ಅರ್ಧ ತುಂಬಿದ ಸೂಟ್‌ಕೇಸಿನ ಪಕ್ಕ ಸೊಸೆ ಕೂತಿದ್ದಳು. ಅತ್ತೂ ಅತ್ತೂ ಕಣ್ಣು ಬಾತಿದ್ದವು. ಸೂಟ್‌ಕೇಸಿಗೆ ಸೀರೆ ತುರುಕುತ್ತಿದ್ದವನು ಅವಳ ಗಂಡ.

"ನಾನು ಹೆದರ್ತಿದ್ದೆ, ಸುಳ್ಳು ಹೇಳಲ್ಲ," ಎಂದಳು ಸೊಸೆ. "ಆದ್ರೆ ಅದನ್ನ ಮುಟ್ಟಿಲ್ಲ. ಇನ್ನೊಂದು ಹೇಳ್ಲಾ ಆಂಟಿ? ನಿನ್ನೆ ಸಂಜೆ, ಎಲ್ಲ ಅಳಿಸಿ ಹೋದ ಮೇಲೂ, ನಂಗೆ ನಮ್ಮತ್ತೆ ದನಿ ಕೇಳಿಸ್ತು."

"ನೋಡಿ, ಶುರುವಾಯ್ತು ನಾಟಕ," ಎಂದ ಗಂಡ.

ಅತ್ತೆ ಟ್ಯಾಬ್ ಎತ್ತಿಕೊಂಡರು. ಚಾರ್ಜು ಭರ್ತಿಯಾಗಿತ್ತು. ತೆರೆದರೆ ಬರಿಯ ಪರದೆ, ಮೂಲೆಯಲ್ಲಿ ಗಂಟೆ. ಅವರು ಅದನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಅಳಿಯನೂ ನೋಡಿದ. ಎರಡರಲ್ಲೂ ಒಂದೇ ಹೊತ್ತು. ಅದರಲ್ಲೇನು ವಿಶೇಷ ಎಂದು ಅವನಿಗೆ ಹೊಳೆಯಲಿಲ್ಲ.

"ನೀನು ಮೊದಲು ನೋಡಿದಾಗಲೂ ಹೀಗೇ ಇತ್ತಾ? ಹಳೇ ಪಾಸ್‌ವರ್ಡ್ ಏನಾದ್ರೂ ಕೇಳ್ತಾ?" ಎಂದು ಅತ್ತೆ ಮಗಳನ್ನು ಕೇಳಿದರು.

"ಇಲ್ಲ, ಹೀಗೇ ಇತ್ತು. ನಾವು ಯಾರೂ ವೈಫೈಗೂ ಹಾಕಿಲ್ಲ," ಎಂದಳು ಮಗಳು.

"ಸಿಮ್?"

"ಇದಕ್ಕೆ ಸಿಮ್ಮೇ ಇಲ್ಲ. ಮೆಮೊರಿ ಕಾರ್ಡ್ ಇತ್ತು, ನಾನೇ ಹಾಕ್ಕೊಟ್ಟಿದ್ದೆ," ಎಂದ ಮಗ. ಕಾರ್ಡಿನ ಜಾಗ ತೆರೆದು ನೋಡಿದರೆ ಖಾಲಿ.

ಒಳಕೋಣೆಯಲ್ಲಿ ಯಜಮಾನರು ಬೆನ್ನು ತಿರುಗಿಸಿ ಮೇಜಿಗೆ ಬಾಗಿದ್ದರು. ಮೇಜಿನ ಮೇಲೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಹೊಟ್ಟೆ ಬಿಚ್ಚಿದ ಗಡಿಯಾರ, ಕಾರ್ಡ್ ಹಾಕಿ ಹಾಡು ಕೇಳುವಂಥ ಪುಟ್ಟ ರೇಡಿಯೊ. "ಹೋದದ್ದು ಹೋಯ್ತು. ಆ ಹುಡುಗೀನ ಯಾರೂ ಏನೂ ಅನ್ಬೇಡಿ ಅಂದೆ," ಎಂದರು ತಿರುಗದೆಯೇ. "ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?"

ಟ್ಯಾಬನ್ನು ಆಫ್ ಮಾಡಿ ಅಳಿಯನ ಚೀಲಕ್ಕೆ ಹಾಕಿ ಅತ್ತೆ ಹೊರಟರು. ಮೆಟ್ಟಿಲ ದೀಪ ಇನ್ನೂ ಹತ್ತಿರಲಿಲ್ಲ. ಮೂಲೆಗಳಲ್ಲಿ ಕತ್ತಲು ಸೇರಿಕೊಳ್ಳುತ್ತಿತ್ತು. ಅರ್ಧ ಇಳಿದಿರಬಹುದು, ಮೇಲಿನಿಂದ ತೆಳ್ಳಗೆ, ಸುಸ್ತಾದ ಹೆಂಗಸಿನ ದನಿ ಬಂತು.

"ಕಿಟಕಿ ಹಾಕಿದ್ರಾ?"

ಅಳಿಯ ನಿಂತು ಚೀಲ ಮುಟ್ಟಿ ನೋಡಿಕೊಂಡ. ಟ್ಯಾಬ್ ಇದ್ದದ್ದು ಅವನ ಹೆಗಲ ಮೇಲೆ, ಉಸಿರಿಲ್ಲದೆ. "ಅತ್ತೇ..." ಎಂದ. 

"ಕೇಳಿಸ್ತು. ಪಾಪದ ಹುಡುಗಿ, ನಿಜಾನೇ ಹೇಳಿದ್ಲು." ಅತ್ತೆ ಕಂಬಿ ಹಿಡಿದು ನಿಂತು ಯೋಚಿಸಿದರು. "ಅಳಿಯಂದ್ರೇ, ನಿಮ್ಮ ಕ್ಲಿನಿಕ್ಕಿನ ಟ್ಯಾಬ್ ಕತೆ ಇನ್ನೊಂದು ಸಲ ಹೇಳಿ."

"ಈಗಲಾ? ಪಿನ್ ಮರೆತು ಗುಂಡಿ ಒತ್ತಿ ರೀಸೆಟ್ ಮಾಡ್ದೆ. ಒಳಗಿದ್ದ ಅಕೌಂಟ್ ತೆಗೀದೆ ಮಾಡಿದ್ದಕ್ಕೆ, ಕಳ್ಳನ್ನ ಕೇಳೋ ಹಾಗೆ ಹಳೇ ಪಾಸ್‌ವರ್ಡ್ ಕೊಡು ಅಂತ ಹಟ ಹಿಡೀತು. ಅದು ನೆನಪಾಗೋವರೆಗೂ ಒಳಗೆ ಬಿಡ್ಲಿಲ್ಲ. ಬಿಟ್ಟ ಮೇಲೂ ಅದರಲ್ಲಿ ಯಾವ್ದೋ ದೇಶದ ಗಂಟೆ. ಅದನ್ನ ನಂಬಿ ಬೆಳಗಿನ ಪೇಶೆಂಟನ್ನ ಊಟದ ಹೊತ್ತಾಯ್ತು ಅಂತ ವಾಪಸ್ ಕಳಿಸ್ದೆ. ಎಷ್ಟು ಸಲ ನಗ್ತೀರ ಅದಕ್ಕೆ?"

"ಇವತ್ತು ನಗಲ್ಲ. ನೀವು ಪೆದ್ದುತನ ಮಾಡಿದ್ದಕ್ಕೆ ಒಂದು ಸಂಸಾರ ಉಳೀತು." ಅವರು ಅವನನ್ನು ಅಲ್ಲೇ ಬಿಟ್ಟು ಒಬ್ಬರೇ ಮೇಲೆ ಹತ್ತಿದರು. ಬಹಳ ಹೊತ್ತಿನ ಮೇಲೆ ಇಳಿದು ಬಂದಾಗ ಕಣ್ಣು ಒದ್ದೆಯಾಗಿದ್ದವು. ಅಳಿಯ ಆ ಕಣ್ಣುಗಳನ್ನು ಹಾಗೆ ಎಂದೂ ಕಂಡಿರಲಿಲ್ಲ, ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಸಂಜೆ ಎಲ್ಲರೂ ಆ ಹಾಲ್‌ನಲ್ಲಿ ಸೇರಿದರು. ಸೊಸೆ ಗೋಡೆಗೆ ಒರಗಿ ನಿಂತಿದ್ದಳು, ಗಂಡ ಸೂಟ್‌ಕೇಸಿನ ಪಕ್ಕ. ಯಜಮಾನರು ಕುರ್ಚಿಯಲ್ಲಿ ತಲೆ ತಗ್ಗಿಸಿದ್ದರು.

"ಸಿಟ್ಟಿಗೋ ಭಯಕ್ಕೋ ಅಳಿಸೋರು ಹೇಗೆ ಅಳಿಸ್ತಾರೆ? ಕೈಗೆ ಸಿಕ್ಕಿದ ಹಾಗೆ," ಎಂದು ಶುರುಮಾಡಿದರು ಅತ್ತೆ. "ಇಲ್ಲಿ ಹಾಗಾಗಿಲ್ಲ. ಮಧ್ಯದಲ್ಲಿ ಆರಿ ಕೆಟ್ಟು ಹೋಗ್ಬಾರ್ದು ಅಂತ ಮೊದಲು ಚಾರ್ಜ್ ತುಂಬಿಸಿದಾರೆ. ಕಾರ್ಡ್ ಹೊರಗೆ ತೆಗೆದಿದಾರೆ. ಪಿನ್ ಗೊತ್ತಿಲ್ದೋರು ಗುಂಡಿ ಒತ್ತಿದ್ರೆ, ನಮ್ಮ ಅಳಿಯಂದ್ರಿಗೆ ಆದ ಹಾಗೆ, ಅದು ಹಳೇ ಪಾಸ್‌ವರ್ಡ್ ಕೇಳ್ಕೊಂಡು ಬಾಗಿಲಲ್ಲೇ ನಿಲ್ಲಿಸ್ತಿತ್ತು. ಇದು ಏನೂ ಕೇಳ್ಲಿಲ್ಲ. ಅಂದ್ರೆ ಪಿನ್ ಹಾಕಿ ಒಳಗೆ ಹೋಗಿ, ಅಕೌಂಟ್ ಸರಿಯಾಗಿ ತೆಗೆದು, ಆಮೇಲೆ ಸೆಟ್ಟಿಂಗ್ಸಿಂದ ರೀಸೆಟ್ ಮಾಡಿದಾರೆ. ಪಿನ್ ಗೊತ್ತಿಲ್ದಿರೋ ಸೊಸೆ ಇಲ್ಲಿಗೆ ಲೆಕ್ಕದಿಂದ ಹೊರಗೆ."

ಗೋಡೆಗೆ ಒರಗಿದ್ದ ಸೊಸೆ ನೆಟ್ಟಗೆ ನಿಂತು ಗಂಡನ ಕಡೆ ನೋಡಿದಳು.

"ಉಳಿದೋರು ಮೂರು ಜನ. ಮಗಳು ಬಂದಾಗ ಆಗ್ಲೇ ಖಾಲಿಯಾಗಿತ್ತು. ಇನ್ನು ಅಪ್ಪ, ಮಗ." ಅತ್ತೆ ಟ್ಯಾಬ್ ಎತ್ತಿ ತೋರಿಸಿದರು. "ರೀಸೆಟ್ ಆದ ಮೇಲೆ ನೆಟ್ ಸಿಗೋ ತನಕ ಇದು ಬೇರೆ ಯಾವ್ದೋ ದೇಶದ ಗಂಟೆ ತೋರಿಸ್ಬೇಕು. ನೆಟ್ ಹಾಕಿಲ್ಲ, ಸಿಮ್ ಇಲ್ಲ. ಆದ್ರೆ ಗಂಟೆ ಗೋಡೆ ಗಡಿಯಾರದ ಜೊತೆ ಸರಿಯಾಗಿ ನಡೀತಿದೆ. ಅಂದ್ರೆ ಅಳಿಸಿದ ಕೈಯೇ ಹೊತ್ತನ್ನೂ ಸರಿ ಮಾಡಿದೆ. ಮುಚ್ಚಿಡಬೇಕಾದ ಕೆಲಸ ಮುಗಿದ ಮೇಲೂ, ತಪ್ಪು ಗಂಟೆ ತೋರಿಸೋ ಒಂದು ವಸ್ತೂನ ಹಾಗೇ ಬಿಟ್ಟು ಏಳೋಕೆ ಆಗ್ದೇ ಇರೋ ಮನುಷ್ಯ ಈ ಮನೇಲಿ ಒಬ್ಬರೇ."

ಎಲ್ಲರೂ ಯಜಮಾನರ ಕಡೆ ತಿರುಗಿದರು.

"ಕಾರ್ಡ್ ಅವರ ರೇಡಿಯೊದಲ್ಲಿದೆ. ಸಂಜೆ ಬಾಗಿಲು ಹಾಕ್ಕೊಂಡು ಅದನ್ನೇ ಹಾಕ್ತಾರೆ. ಸೊಸೆಗೂ ನಮಗೂ ಕೇಳಿಸಿದ್ದು ಅದು. ಭೂತ ಅಲ್ಲ."

"ಅಪ್ಪಾ!" ಎಂದಳು ಮಗಳು. "ಯಾಕಪ್ಪಾ?"

ಯಜಮಾನರು ನಿಧಾನವಾಗಿ ತಲೆ ಎತ್ತಿದರು. "ಈ ಹುಡುಗಿ ಹೆದರ್ತಾಳೆ ಅಂತ. ನನ್ನ ರೂಮಲ್ಲಿ ನಾನೊಬ್ನೇ ಕೇಳ್ಕೊಂಡು ಇದ್ಬಿಡೋಣ ಅಂತ. ಮಾಡಿದ್ದು ನಾನು, ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಕಣಮ್ಮಾ," ಎಂದು ಸೊಸೆಗೆ ಕೈ ಮುಗಿಯಹೋದರು. ಅವಳು ಓಡಿ ಬಂದು ಆ ಕೈಗಳನ್ನು ಹಿಡಿದುಕೊಂಡಳು.

"ಕಾರ್ಡಲ್ಲಿ ಇನ್ನೇನಿದೆ? ನಂಗೆ ಅಂತ ಅಮ್ಮ ಏನೂ ಹೇಳಿರ್ಲಿಲ್ವಾ?" ಮಗಳ ದನಿ ಒಡೆದಿತ್ತು.

ಯಜಮಾನರು ಅತ್ತೆಯ ಕಡೆ ನೋಡಿದರು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

"ಹೇಳಿದ್ಲು," ಎಂದರು ಯಜಮಾನರು. "ಅವಳು ಬರೋ ದಾರಿ ದೂರ, ಅವಳಿಗೆ ಆತುರ ಮಾಡ್ಬೇಡಿ ಅಂದ್ಲು. ಕಾರ್ಡಿಗೆ ಕಿಟಕಿ ಮಾತೊಂದೇ ಹಾಕ್ಕೊಂಡೆ. ನಿಂಗೆ ಹೇಳಿದ್ದು ಉಳೀಲಿಲ್ಲಮ್ಮಾ."

ಮಗಳು ಅಪ್ಪನ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅತ್ತು ಮುಗಿದ ಮೇಲೆ ಅತ್ತಿಗೆಯ ಕಡೆ ತಿರುಗಿ, "ನನ್ನ ನಾಲಿಗೆ ಕೆಟ್ಟದ್ದು, ಕ್ಷಮಿಸು," ಎಂದಳು. ಗಂಡನೂ ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನಿಗೆ ಅವಕಾಶ ಕೊಡಲಿಲ್ಲ.

"ಪೆಟ್ಟಿಗೆ ತುಂಬಿದ್ದು ನೀವು. ಖಾಲಿ ಮಾಡೋದೂ ನೀವೇ."

ಮೆಟ್ಟಿಲಿಳಿಯುವಾಗ ಅಳಿಯನಿಗೆ ತಡೆಯಲಾಗಲಿಲ್ಲ. "ಯಜಮಾನ್ರು ಕೊನೇಲಿ ಹೇಳಿದ್ದು ಸುಳ್ಳು ಅಲ್ವಾ ಅತ್ತೆ?"

"ಹೌದು."

"ಅದನ್ನ ನೀವು ಬಿಟ್ಟುಬಿಟ್ರಿ!"

"ಬಿಟ್ಟೆ." ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಕೊನೇ ದಿನಗಳಲ್ಲಿ ಆಯಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿ ಇರ್ಲಿಲ್ವಂತೆ. ಎಚ್ಚರ ಆದಾಗೆಲ್ಲ ಟ್ಯಾಬ್ ತಗೊಂಡು, ರೆಕಾರ್ಡ್ ಹಾಕಿ ಮಗಳನ್ನ ಕರೆಯೋದು. ಬಾಗಿಲು ತೆಗೆದಿಟ್ಟಿದೀನಿ, ಯಾಕೆ ಬರ್ಲಿಲ್ಲ, ನೀನು ನನ್ನ ಮಗಳೇ ಅಲ್ಲ, ಅಂತ. ಒಂದಲ್ಲ ಎರಡಲ್ಲ. ಮಗಳು ಬರ್ತೀನಿ ಅಂದ ಕೂಡ್ಲೇ ಯಜಮಾನ್ರು ಕೂತು ಅಳಿಸಿದ್ರು. ಬೆಳಗ್ಗೆ ನೋಡಿದ್ರೆ ಎಲ್ಲ ವಾಪಸ್ ಬಂದಿದ್ವಂತೆ! ಮತ್ತೆ ಅಳಿಸಿದ್ರು, ಮತ್ತೆ ಬಂತು."

ಅಳಿಯ ಮೇಲಿನ ಬಾಗಿಲ ಕಡೆ ನೋಡಿದ. "ಅದು ಹೇಗೆ?"

"ಅಕೌಂಟಲ್ಲಿ ಇನ್ನೊಂದು ಕಾಪಿ ಇತ್ತಲ್ಲ, ಅಲ್ಲಿಂದ ಇಳಿದು ಬರ್ತಿತ್ತು. ಪಾಪ ಅವರಿಗೆ ಮೊದಲು ಗೊತ್ತಾಗ್ಲಿಲ್ಲ. ಹೆಂಡತಿ ಹಟ ಹಿಡಿದಿದಾಳೆ ಅಂತಾನೇ ಹೆದರಿದ್ರು. ಆಮೇಲೆ ಕೇಳಿ ತಿಳ್ಕೊಂಡು, ಕಿಟಕಿ ಮಾತೊಂದನ್ನ ಕಾರ್ಡಿಗೆ ಹಾಕ್ಕೊಂಡು, ಅಕೌಂಟಲ್ಲಿದ್ದದ್ದನ್ನೂ ಅಳಿಸಿ, ಕೊನೇಗೆ ರೀಸೆಟ್ ಮಾಡಿದ್ರು. ಹೆಂಡತಿ ದನೀನ ಅಷ್ಟು ಜೋಪಾನವಾಗಿ ಅಳಿಸಿದಾರೆ ಆ ಮನುಷ್ಯ. ಮಗಳು ಅದನ್ನ ಕೇಳಿದ್ರೆ ಇರೋ ತನಕ ಕಿವೀಲಿ ಅದೇ ಇರ್ತಿತ್ತು. ಹೇಳಿ, ನಾನು ಬಾಯಿ ಬಿಡ್ಬೇಕಿತ್ತಾ?"

ಅಳಿಯ ಇಲ್ಲವೆಂದು ತಲೆಯಾಡಿಸಿದ. 

ಮುಸ್ಸಂಜೆಯಾಗಿತ್ತು. ಮೇಲೆ ಬಾಗಿಲು ತೆರೆದೇ ಇತ್ತು.

"ಕಿಟಕಿ ಹಾಕಿದ್ರಾ?" ಎಂದು ಕೇಳಿತು ಆ ದನಿ.

ಯಜಮಾನರ ಉತ್ತರಕ್ಕಾಗಿ ಇಬ್ಬರೂ ಕಾದರು. ಅದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿ ಮುಚ್ಚಿದ ಸದ್ದು, ಅದರ ಹಿಂದೆಯೇ ಮಗಳ ದನಿ ಕೇಳಿಸಿತು.

"ಹಾಕಿದೀನಮ್ಮಾ. ನಾನು ಬಂದಿದೀನಿ."

ಅಳಿಯ ಅತ್ತೆಯ ಕೈ ಹಿಡಿದು ಎಬ್ಬಿಸಿದ. ಆ ಸಂಜೆ ಅವನು ಒಂದೊಂದೇ ಮೆಟ್ಟಿಲು ನಿಧಾನವಾಗಿ ಇಳಿದ.